ಮೊದಲ ಲಿನಕ್ಸ್ ಯಾವುದಿರಲಿ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲವನ್ನು ಮುಗಿಸಿತು. ಮನೆಬಳಕೆಯವರು ನೋಂದಾಯಿಸಿಕೊಂಡರೆ ಭದ್ರತಾ ಅಪ್‌ಡೇಟುಗಳು ಇನ್ನೊಂದು ವರ್ಷ ಸಿಗುತ್ತವೆ, ಅದೂ 2026ರ ಅಕ್ಟೋಬರ್‌ವರೆಗೆ ಮಾತ್ರ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯದು, ಅಂದರೆ 2017ರಿಂದ ಈಚಿನದು ಇರಬೇಕು. ಆರನೇ ಪೀಳಿಗೆಯ ಐ5 ಪ್ರೊಸೆಸರಿನ, 8 ಜಿಬಿ ರ್‍ಯಾಮ್ ಇರುವ, ಕೀಬೋರ್ಡಿನ ಒಂದು ಕೀಲಿಯೂ ಕೆಡದ ಲ್ಯಾಪ್‌ಟಾಪುಗಳು ಊರೂರಲ್ಲಿ ಎಷ್ಟೋ ಇವೆ. ಅವಕ್ಕೆ ಏನೂ ಆಗಿಲ್ಲ. ಅವು ಗುಜರಿಗೆ ಹೋಗಬೇಕಾದ ಕಾರಣವೂ ಇಲ್ಲ.

ಅದೇ ಅಕ್ಟೋಬರ್ 14ರಂದು ಐರ್ಲೆಂಡಿನ ಝೋರಿನ್ ತಂಡ ತನ್ನ ಲಿನಕ್ಸ್‌ನ 18ನೇ ಆವೃತ್ತಿಯನ್ನು ಹೊರತಂದಿತು. ಆ ದಿನವನ್ನು ಅವರು ಬೇಕೆಂದೇ ಆರಿಸಿಕೊಂಡಿದ್ದರು. ವಿಂಡೋಸ್ ಬಿಟ್ಟು ಬರುವವರು ಆ ವಾರ ಎತ್ತ ನೋಡುತ್ತಾರೆಂದು ಅವರಿಗೆ ಗೊತ್ತಿತ್ತು. ಬಂದವರಿಗೆ ಎದುರಾದದ್ದು ಮಾತ್ರ ಒಂದು ಬಾಗಿಲಲ್ಲ. ಲಿನಕ್ಸ್ ಎಂಬ ಹೆಸರಿನಡಿ ಇವತ್ತು ಜೀವಂತವಾಗಿರುವ ವಿತರಣೆಗಳೇ ಇನ್ನೂರಕ್ಕೂ ಹೆಚ್ಚು. 'ಲಿನಕ್ಸ್ ಹಾಕ್ಬೇಕು ಅಂತಿದೀನಿ ಸರ್, ಯಾವ್ದು ಹಾಕ್ಲಿ?' ಎಂದು ಕೇಳಿದವರಿಗೆ ಒಬ್ಬರು ಉಬುಂಟು ಎನ್ನುತ್ತಾರೆ, ಇನ್ನೊಬ್ಬರು ಮಿಂಟ್ ಎನ್ನುತ್ತಾರೆ, ಇಂಜಿನಿಯರಿಂಗ್ ಓದುವ ಹುಡುಗ ಕಾಲಿ ಎನ್ನುತ್ತಾನೆ. ಕೇಳಿದವರು ತಲೆಕೆಟ್ಟು ಹಳೆಯ ವಿಂಡೋಸಿನಲ್ಲೇ ಉಳಿದುಬಿಡುತ್ತಾರೆ. ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ನಡೆಯುತ್ತಿರುತ್ತದೆ. ಈ ಗೊಂದಲ ಬಿಡಿಸುವುದು ಕಷ್ಟವೇನಲ್ಲ, ಆದರೆ ಅದು ಹುಟ್ಟಿದ್ದು ಹೇಗೆಂದು ಮೊದಲು ತಿಳಿಯಬೇಕು.

ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದದ್ದು ಕರ್ನಲ್ ಅನ್ನು ಮಾತ್ರ. ಯಂತ್ರಾಂಶಕ್ಕೂ ತಂತ್ರಾಂಶಕ್ಕೂ ನಡುವೆ ನಿಂತು ಮೆಮೊರಿ, ಡಿಸ್ಕು, ಪ್ರೊಸೆಸರುಗಳನ್ನು ಹಂಚಿಕೊಡುವ ಭಾಗ ಅದು. ಪಂಪಿನ ಮೋಟಾರನ್ನಷ್ಟೇ ತಂದಿಟ್ಟರೆ ತೋಟಕ್ಕೆ ನೀರು ಹಾಯುವುದಿಲ್ಲ. ಪೈಪು, ವಾಲ್ವು, ಸ್ಟಾರ್ಟರು ಎಲ್ಲ ಜೋಡಿಸಬೇಕು. ಆ ಉಳಿದ ಸಾಮಾನಿನಲ್ಲಿ ದೊಡ್ಡ ಪಾಲು ಆಗಲೇ ಸಿದ್ಧವಿತ್ತು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನು ಯೋಜನೆಯಿಂದ ಅದು ಬಂತು. ಆದರೆ ಯಾವ ಸಂಪಾದಕ, ಯಾವ ಬ್ರೌಸರ್, ಯಾವ ಮೆನು, ಎಷ್ಟು ದಿನಕ್ಕೊಮ್ಮೆ ಅಪ್‌ಡೇಟ್ ಎಂದು ಯಾರಾದರೂ ತೀರ್ಮಾನಿಸಿ, ಜೋಡಿಸಿ, ಪರೀಕ್ಷಿಸಿ ಒಂದೇ ಕಟ್ಟಾಗಿ ಕೊಡಬೇಕಿತ್ತು. ಹಾಗೆ ಕೊಟ್ಟದ್ದನ್ನೇ ವಿತರಣೆ ಅಥವಾ ಡಿಸ್ಟ್ರೋ ಎನ್ನುತ್ತಾರೆ. ಎಲ್ಲ ಡಿಸ್ಟ್ರೋಗಳ ಒಳಗಿನ ಕರ್ನಲ್ ಒಂದೇ, ಆವೃತ್ತಿ ಮಾತ್ರ ಹಳೆಯದೋ ಹೊಸದೋ ಇರಬಹುದು. ಅವುಗಳನ್ನು ಬೇರೆ ಮಾಡುವುದು ಜೋಡಿಸಿದವರ ತೀರ್ಮಾನಗಳು. ಹೊಸಬರು ಡಿಸ್ಟ್ರೋ ಆರಿಸುವುದೆಂದರೆ, ತಮ್ಮ ಪರವಾಗಿ ಸಾವಿರ ಸಣ್ಣ ತೀರ್ಮಾನಗಳನ್ನು ಯಾರು ತೆಗೆದುಕೊಳ್ಳಲಿ ಎಂದು ಆರಿಸುವುದು.

ಈ ತೀರ್ಮಾನಗಳು ಎಷ್ಟು ಮುಖ್ಯವೆಂಬುದು ಬಲು ಬೇಗ ಗೊತ್ತಾಯಿತು. 1992ರಲ್ಲಿ ಬಂದ ಎಸ್‌ಎಲ್‌ಎಸ್ ಎಂಬ ಕಟ್ಟು ದೋಷಗಳ ಗೂಡಾಗಿತ್ತು. ಅದನ್ನು ತಿದ್ದಹೊರಟ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಅವರಿಂದ 1993ರ ಜುಲೈನಲ್ಲಿ ಸ್ಲಾಕ್‌ವೇರ್ ಬಂತು. ಅದೇ ಎಸ್‌ಎಲ್‌ಎಸ್‌ನಿಂದ ಬೇಸತ್ತ ಇಯಾನ್ ಮರ್ಡಾಕ್ ಮರುತಿಂಗಳು ಡೆಬಿಯನ್ ಘೋಷಿಸಿದರು. ಎರಡೂ ಇಂದಿಗೂ ಬದುಕಿವೆ, ಆದರೆ ಅವು ಹೊಸಬರಿಗೆಂದು ಹುಟ್ಟಿದವಲ್ಲ. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಯಿಂದ ಲಿನಕ್ಸ್ ಹಾಕಿದವರಿಗೆ ಆಗಿನ ಪಾಡು ನೆನಪಿರುತ್ತದೆ. ಪರದೆಯ ಮೇಲೆ ಚಿತ್ರ ಬರಬೇಕೆಂದರೆ ಮಾನಿಟರಿನ ಅಡ್ಡ ಮತ್ತು ಲಂಬ ಸಿಂಕ್ ಆವರ್ತನಗಳನ್ನು ಒಂದು ಕಡತದಲ್ಲಿ ಕೈಯಾರೆ ಬರೆಯಬೇಕಿತ್ತು. ತಪ್ಪು ಅಂಕಿ ಹಾಕಿದರೆ ಮಾನಿಟರೇ ಕೆಡಬಹುದೆಂಬ ಎಚ್ಚರಿಕೆ ಕೈಪಿಡಿಯಲ್ಲಿರುತ್ತಿತ್ತು. ಕಂಪ್ಯೂಟರಿನೊಳಗೆ ಕೂರಿಸಿದ ಅಗ್ಗದ ಮೋಡೆಮ್‌ಗಳು ವಿಂಡೋಸಿಗಷ್ಟೇ ಓಗೊಡುತ್ತಿದ್ದುದರಿಂದ ಇಂಟರ್ನೆಟ್ಟೂ ಇಲ್ಲ. ಆಗ ಲಿನಕ್ಸ್ ಬಿಟ್ಟವರು ಸೋಮಾರಿಗಳಾಗಿರಲಿಲ್ಲ. ಅವರ ಸಮಯಕ್ಕೆ ಬೆಲೆ ಕೊಡುವ ಡಿಸ್ಟ್ರೋ ಇನ್ನೂ ಬಂದಿರಲಿಲ್ಲ.

ಬಂದದ್ದು 1998ರಲ್ಲಿ. ಫ್ರಾನ್ಸಿನ ಗೇಲ್ ದುವಾಲ್ ರೆಡ್ ಹ್ಯಾಟ್ ಲಿನಕ್ಸಿಗೆ ಕೆಡಿಇ ಎಂಬ ಡೆಸ್ಕ್‌ಟಾಪ್ ಸೇರಿಸಿ ಮ್ಯಾಂಡ್ರೇಕ್ ಎಂದು ಕೊಟ್ಟರು. ಹೊಸಬರನ್ನು ಎದುರಿಗಿಟ್ಟುಕೊಂಡು ಕಟ್ಟಿ ಜನಪ್ರಿಯವಾದ ಮೊದಮೊದಲ ಲಿನಕ್ಸ್ ಅದು. 2000ದಲ್ಲಿ ಜರ್ಮನಿಯ ಕ್ಲಾಸ್ ನಾಪರ್ ಅವರ ನಾಪಿಕ್ಸ್ ಇನ್ನೊಂದು ಬಾಗಿಲು ತೆರೆಯಿತು: ಸಿಡಿ ಹಾಕಿ, ಕಂಪ್ಯೂಟರ್ ಆನ್ ಮಾಡಿ, ಹಾರ್ಡ್ ಡಿಸ್ಕ್ ಮುಟ್ಟದೆಯೇ ಪೂರ್ತಿ ಲಿನಕ್ಸ್ ಬಳಸಿ ನೋಡಿ. ಆರಿಸುವ ಮೊದಲೇ ಉಪಯೋಗಿಸಿ ನೋಡುವ ಈ ಸೌಲಭ್ಯ ಇವತ್ತು ಪೆನ್‌ಡ್ರೈವಿನ ರೂಪದಲ್ಲಿ ಹೆಚ್ಚುಕಡಿಮೆ ಎಲ್ಲ ಡಿಸ್ಟ್ರೋಗಳಲ್ಲೂ ಇದೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದೂ ಆಗಿಲ್ಲ ಎಂದೇ ನನ್ನ ಎಣಿಕೆ.

2004ರ ಅಕ್ಟೋಬರ್ 20ರಂದು ಉಬುಂಟು ಬಂತು. ದಕ್ಷಿಣ ಆಫ್ರಿಕಾದ ಉದ್ಯಮಿ ಮಾರ್ಕ್ ಶಟಲ್‌ವರ್ತ್ ತಮ್ಮ ಹಣ ಹಾಕಿ ಕೆನಾನಿಕಲ್ ಎಂಬ ಕಂಪನಿ ಕಟ್ಟಿದರು, ಡೆಬಿಯನ್ನನ್ನು ತಳಪಾಯ ಮಾಡಿಕೊಂಡರು, ಆರು ತಿಂಗಳಿಗೊಂದು ಬಿಡುಗಡೆ ಎಂದು ದಿನ ಗೊತ್ತುಮಾಡಿದರು. ಕೇಳಿದವರಿಗೆಲ್ಲ ಸಿಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸಿದರು. ಬ್ರಾಡ್‌ಬ್ಯಾಂಡ್ ಇಲ್ಲದ ಊರುಗಳಲ್ಲಿ ಒಂದು ಸಿಡಿಯಷ್ಟು ಡೌನ್‌ಲೋಡ್ ಮಾಡುವುದು ಕನಸಾಗಿದ್ದ ದಿನಗಳವು. ವಿದೇಶದಿಂದ ಬಂದ ಲಕೋಟೆಯಲ್ಲಿ ಒಂದು ಸಿಡಿ ತನಗೆ, ಉಳಿದವು ಗೆಳೆಯರಿಗೆ. ನಮ್ಮ ಕಾಲೇಜುಗಳಲ್ಲಿ ಒಂದಿಡೀ ಪೀಳಿಗೆ ಲಿನಕ್ಸ್ ಕಲಿತದ್ದು ಹಾಗೆ. 2011ರಲ್ಲಿ ಆ ಸೇವೆ ನಿಂತಿತು.

ಅದೇ 2011 ಇನ್ನೊಂದು ಕಾರಣಕ್ಕೂ ಮುಖ್ಯ. 'ಹೊಸಬರಿಗೆ ಸುಲಭ' ಎಂಬ ಮಾತಿನ ನಿಜವಾದ ಅರ್ಥ ಆ ವರ್ಷ ಸಾಬೀತಾಯಿತು. ಅಲ್ಲಿಯವರೆಗೆ ಉಬುಂಟುವಿನಲ್ಲಿದ್ದದ್ದು ಗ್ನೋಮ್ 2 ಎಂಬ ಡೆಸ್ಕ್‌ಟಾಪ್. ಮೆನು, ಪಟ್ಟಿ, ಐಕಾನುಗಳು ಎಲ್ಲ ಇರಬೇಕಾದ ಕಡೆ ಇದ್ದವು. 2011ರ ಏಪ್ರಿಲ್‌ನಲ್ಲಿ ಗ್ನೋಮ್ ತಂಡ ಹಳೆಯ ವಿನ್ಯಾಸವನ್ನು ಕೈಬಿಟ್ಟು ಮೂರನೇ ಆವೃತ್ತಿ ತಂದಿತು. ಅದೇ ತಿಂಗಳು ಉಬುಂಟು ತನ್ನದೇ ಯೂನಿಟಿಗೆ ಹೊರಳಿತು. ವರ್ಷಗಳಿಂದ ಕೈಗೆ ಒಗ್ಗಿದ್ದ ಮೆನು ಒಂದು ಅಪ್‌ಗ್ರೇಡಿನಲ್ಲಿ ಮಾಯವಾಯಿತು. ತಂತ್ರಜ್ಞರು ಬೈದುಕೊಂಡು ಕಲಿತರು. ಆದರೆ ಅಪ್ಪ ಅಮ್ಮಂದಿರಿಗೆ, ಶಾಲೆಯ ಮೇಷ್ಟ್ರಿಗೆ ಲಿನಕ್ಸ್ ಕಲಿಸಿದ್ದವರು ಮತ್ತೆ ಮೊದಲಿಂದ ಕಲಿಸಬೇಕಾಯಿತು. ಆರು ವರ್ಷ ಕಳೆದು, 2017ರಲ್ಲಿ, ಕೆನಾನಿಕಲ್ ಯೂನಿಟಿಯನ್ನೇ ಕೈಬಿಟ್ಟು ಗ್ನೋಮ್‌ಗೆ ಮರಳಿತು. ಬಳಸುವವರು ಇನ್ನೊಮ್ಮೆ ಹೊಂದಿಕೊಳ್ಳಬೇಕಾಯಿತು.

ಆಗ ಬೇರೆ ದಾರಿ ಹಿಡಿದದ್ದು ಲಿನಕ್ಸ್ ಮಿಂಟ್. ಐರ್ಲೆಂಡಿನಲ್ಲಿ ನೆಲೆಸಿದ ಫ್ರೆಂಚ್ ತಂತ್ರಜ್ಞ ಕ್ಲೆಮಾಂ ಲಫೆವ್ರ್ 2006ರಲ್ಲಿ ಆರಂಭಿಸಿದ್ದ ಮಿಂಟ್, ಮೊದಲಿಗೆ ಉಬುಂಟುವಿಗೆ ಎಂಪಿ3, ವಿಡಿಯೊಗಳು ಓಡಲು ಬೇಕಾದ ಕೊಡೆಕ್‌ಗಳನ್ನು ಸೇರಿಸಿಕೊಟ್ಟದ್ದಕ್ಕೇ ಹೆಸರಾಗಿತ್ತು. 2011ರ ಗೊಂದಲದಲ್ಲಿ ಆ ತಂಡ ಒಂದು ಗಟ್ಟಿ ನಿಲುವು ತಳೆಯಿತು: ಬಳಸುವವರು ಕಲಿತದ್ದು ವ್ಯರ್ಥವಾಗಬಾರದು. ಗ್ನೋಮ್ 2ನ್ನೇ ಮುಂದುವರಿಸಿದ ಮಾಟೆ ಡೆಸ್ಕ್‌ಟಾಪಿಗೆ ಅದು ಜಾಗ ಕೊಟ್ಟಿತು, ಸಿನಮನ್ ಎಂಬ ತನ್ನದೇ ಡೆಸ್ಕ್‌ಟಾಪ್ ಕಟ್ಟಿತು. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ಅಂದಿನಿಂದ ಇಂದಿನವರೆಗೆ ಆ ವಿನ್ಯಾಸ ಅಲುಗಾಡಿಲ್ಲ. ಹತ್ತು ವರ್ಷದ ಹಿಂದೆ ಮಿಂಟ್ ಬಿಟ್ಟವರು ಇಂದು ಮರಳಿದರೂ ಮೊದಲ ನಿಮಿಷದಿಂದಲೇ ಕೆಲಸ ಮಾಡಬಹುದು. ಹೊಸಬರಿಗೆ ಸುಲಭ ಎಂಬುದನ್ನು ನಾನು ಅಳೆಯುವುದು ಇದರಿಂದಲೇ. ವಿಂಡೋಸಿನಂತೆ ಕಾಣುತ್ತದೆಯೇ ಎಂಬುದು ಮೊದಲ ಅರ್ಧ ಗಂಟೆಯ ಪ್ರಶ್ನೆ, ಇವತ್ತು ಕಲಿತದ್ದು ಮೂರು ವರ್ಷದ ಮೇಲೂ ಕೈಹಿಡಿಯುತ್ತದೆಯೇ ಎಂಬುದು ದಿನವೂ ಏಳುವ ಪ್ರಶ್ನೆ.

ಆದ್ದರಿಂದ ಸುತ್ತಿ ಬಳಸದೆ ಹೇಳುತ್ತೇನೆ: ಹತ್ತು ಜನರಲ್ಲಿ ಎಂಟು ಜನಕ್ಕೆ ಲಿನಕ್ಸ್ ಮಿಂಟಿನ ಸಿನಮನ್ ಆವೃತ್ತಿಯೇ ಮೊದಲ ಆಯ್ಕೆ. ಮಿಂಟ್ 22ರ ಸರಣಿ ಉಬುಂಟು 24.04ರ ಮೇಲೆ ನಿಂತಿದೆ, 2029ರವರೆಗೆ ಭದ್ರತಾ ಅಪ್‌ಡೇಟುಗಳಿವೆ. ರ್‍ಯಾಮ್ 4 ಜಿಬಿ ಮಾತ್ರವಾದರೆ ಅದರದ್ದೇ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಯಂತ್ರದಲ್ಲಿರುವುದು ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆದರೆ, ಯಾವ ಡಿಸ್ಟ್ರೋ ಎಂದು ತಿಂಗಳು ಯೋಚಿಸುವುದಕ್ಕಿಂತ ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಹೊಸ ಲ್ಯಾಪ್‌ಟಾಪಿನ ಬೆಲೆಯಲ್ಲಿ ಸಣ್ಣ ಪಾಲು ಖರ್ಚಾಗುತ್ತದೆ, ವೇಗದ ವ್ಯತ್ಯಾಸ ಎರಡು ಡಿಸ್ಟ್ರೋಗಳ ನಡುವಿನದಕ್ಕಿಂತ ಎಷ್ಟೋ ಹೆಚ್ಚು.

ಉಬುಂಟು ಬೇಡವೆಂದಲ್ಲ. ಕೆಲಸದ ಜಾಗದಲ್ಲಿ, ಕಾಲೇಜಿನ ಲ್ಯಾಬಿನಲ್ಲಿ ಅದೇ ಇದ್ದರೆ ಮನೆಯಲ್ಲೂ ಅದನ್ನೇ ಹಾಕಿ. ತಂತ್ರಾಂಶ ಕಂಪನಿಗಳು ಲಿನಕ್ಸಿಗೆ ಕೊಡುವ ಸೂಚನೆಗಳು ಬಹುಪಾಲು ಉಬುಂಟುವನ್ನು ಎದುರಿಗಿಟ್ಟುಕೊಂಡೇ ಬರೆದವು. ಎಲ್‌ಟಿಎಸ್ ಎಂದು ಗುರುತಿಸಿದ, ಎರಡು ವರ್ಷಕ್ಕೊಮ್ಮೆ ಸಮಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಬರುವ ಆವೃತ್ತಿಯನ್ನೇ ತೆಗೆದುಕೊಳ್ಳಿ, ಅದಕ್ಕೆ ಐದು ವರ್ಷದ ಬೆಂಬಲವಿದೆ. ನಡುವಿನ ಬಿಡುಗಡೆಗಳ ಆಯಸ್ಸು ಒಂಬತ್ತೇ ತಿಂಗಳು. ವಿಂಡೋಸಿನ ಮುಖಚಹರೆಯೇ ಬೇಕೆನ್ನುವವರಿಗೆ ಝೋರಿನ್ ಚೆನ್ನಾಗಿ ಹೊಂದುತ್ತದೆ. ಇತ್ತೀಚೆಗಷ್ಟೇ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪ್ ಆದರೆ ಫೆಡೋರಾ ನೋಡಬೇಕು. ಅದರಲ್ಲಿ ಕರ್ನಲ್ ಸದಾ ಹೊಸದಿರುವುದರಿಂದ ಹೊಸ ವೈಫೈ ಚಿಪ್ಪುಗಳ ಗುರುತು ಬೇಗ ಸಿಗುತ್ತದೆ. ಟೊರ್ವಾಲ್ಡ್ಸ್ ಅವರೇ ವರ್ಷಗಳಿಂದ ಬಳಸುತ್ತಿರುವುದು ಫೆಡೋರಾ. ಆದರೆ ಅದರ ಪ್ರತಿ ಆವೃತ್ತಿಗೆ ಸುಮಾರು ಹದಿಮೂರು ತಿಂಗಳ ಬೆಂಬಲ ಮಾತ್ರ. ವರ್ಷಕ್ಕೊಮ್ಮೆ ಅಪ್‌ಗ್ರೇಡ್ ಮಾಡಲು ಬೇಸರವಿಲ್ಲದವರು ಹೋಗಬಹುದು.

ಕಾಲಿ ಲಿನಕ್ಸ್ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಇಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಅದರ ಆಕರ್ಷಣೆ ದೊಡ್ಡದು. ಹ್ಯಾಕಿಂಗ್ ಕಲಿಯುವ ಉತ್ಸಾಹದಲ್ಲಿ ಮೊದಲ ಲಿನಕ್ಸ್ ಆಗಿ ಅದನ್ನೇ ಹಾಕುವವರು ಬಹಳ. ಕಾಲಿ ಇರುವುದು ಜಾಲಗಳ ಭದ್ರತೆಯನ್ನು ಪರೀಕ್ಷಿಸುವ ವೃತ್ತಿಪರರಿಗೆ. ಲಿನಕ್ಸ್ ಪರಿಚಯವಿಲ್ಲದವರಿಗೆ, ದಿನಬಳಕೆಗೆ ಇದು ತಕ್ಕದ್ದಲ್ಲವೆಂದು ಅದರ ದಾಖಲೆಯಲ್ಲೇ ತಯಾರಕರು ಬರೆದಿದ್ದಾರೆ. ಅದರಲ್ಲಿರುವ ಉಪಕರಣಗಳನ್ನು ಬೇರೆ ಡಿಸ್ಟ್ರೋಗಳಲ್ಲೂ ಹಾಕಿಕೊಳ್ಳಬಹುದು. ಮೊದಲು ಒಂದು ವರ್ಷ ಮಿಂಟೋ ಉಬುಂಟುವೋ ಬಳಸಿ, ಕಡತಗಳ ಅನುಮತಿ ಎಂದರೇನು, ಜಾಲ ಹೇಗೆ ನಡೆಯುತ್ತದೆ ಎಂದು ತಿಳಿದುಕೊಂಡ ಹುಡುಗ ಹುಡುಗಿಯರು ಮುಂದೆ ಭದ್ರತೆಯ ಕೆಲಸದಲ್ಲೂ ಮುಂದಿರುತ್ತಾರೆ. ಆರ್ಚ್ ಎಂಬ ಡಿಸ್ಟ್ರೋ ಕೂಡ ಹೀಗೆಯೇ ಎರಡನೆಯ ಲಿನಕ್ಸ್, ಮೊದಲನೆಯದಲ್ಲ. ಇನ್ನು ಡಿಸ್ಟ್ರೋವಾಚ್ ತಾಣದ ಪಟ್ಟಿ ನೋಡಿ ಮೇಲಿರುವುದನ್ನೇ ಆರಿಸುವವರಿದ್ದಾರೆ. ಆ ಪಟ್ಟಿ ಎಣಿಸುವುದು ಆ ತಾಣದಲ್ಲಿ ಯಾವ ಡಿಸ್ಟ್ರೋದ ಪುಟವನ್ನು ಎಷ್ಟು ಮಂದಿ ತೆರೆದರು ಎಂಬುದನ್ನು, ಎಷ್ಟು ಮಂದಿ ಬಳಸುತ್ತಾರೆ ಎಂಬುದನ್ನಲ್ಲ.

ಹೆಸರು ಯಾವುದೇ ಇರಲಿ, ಕೊನೆಯ ತೀರ್ಪು ಕೊಡಬೇಕಾದದ್ದು ನಿಮ್ಮ ಯಂತ್ರ. ಅದಕ್ಕೆ 8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ಡಿಸ್ಟ್ರೋದ ಅಧಿಕೃತ ತಾಣದಿಂದ ಐಎಸ್‌ಒ ಕಡತ ಇಳಿಸಿಕೊಂಡು, ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆಯಬೇಕು. ಅದರಲ್ಲಿದ್ದ ಹಳೆಯದೆಲ್ಲ ಅಳಿಸಿಹೋಗುತ್ತದೆ. ಇಳಿಸಿಕೊಂಡ ಕಡತದ ಚೆಕ್‌ಸಮ್, ಅಂದರೆ ಕಡತ ಬದಲಾಗಿಲ್ಲವೆಂದು ತೋರುವ ಗುರುತಿನ ಸಾಲು, ತಾಳೆ ನೋಡುವುದನ್ನು ಬಿಡಬೇಡಿ. 2016ರ ಫೆಬ್ರುವರಿ 20ರಂದು ಮಿಂಟ್‌ನ ತಾಣಕ್ಕೇ ಕನ್ನ ಹಾಕಿದವರು ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲಿಟ್ಟ ನಕಲಿ ಐಎಸ್‌ಒಗೆ ತಿರುಗಿಸಿದ್ದರು. ತಂಡ ಅದನ್ನು ಕೂಡಲೇ ಬಹಿರಂಗವಾಗಿ ಹೇಳಿತು. ಆ ಪ್ರಾಮಾಣಿಕತೆ ದೊಡ್ಡದು, ಆದರೆ ತಾಳೆ ನೋಡುವ ಕೆಲಸ ಇಳಿಸಿಕೊಳ್ಳುವವರದ್ದೇ.

ಲ್ಯಾಪ್‌ಟಾಪ್ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡುತ್ತಲೇ ಎಫ್12 ಒತ್ತಿ. ಕೆಲವು ಕಂಪನಿಗಳಲ್ಲಿ ಅದು ಎಫ್9, ಕೆಲವುಗಳಲ್ಲಿ ಎಸ್ಕೇಪ್. ಪೆನ್‌ಡ್ರೈವನ್ನು ಆರಿಸಿದರೆ ಮಿಂಟ್‌ನ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ಅಲ್ಲಿ 'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ಎಂಬ ಐಕಾನ್ ಕಾಣುತ್ತದೆ, ಅದನ್ನು ಈಗಲೇ ಮುಟ್ಟುವುದು ಬೇಡ. ಬಲಮೂಲೆಯಲ್ಲಿ ವೈಫೈ ಒತ್ತಿ ಮನೆಯ ಜಾಲದ ಹೆಸರು ಬರುತ್ತದೆಯೇ ನೋಡಿ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಬ್ರಾಡ್‌ಕಾಮ್ ಚಿಪ್ ಇದ್ದರೆ ತಕರಾರು ಸಾಮಾನ್ಯ. ಆಗ ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ಟೆದರಿಂಗ್ ಆನ್ ಮಾಡಿದರೆ ಇಂಟರ್ನೆಟ್ ಸಿಗುತ್ತದೆ, ಡ್ರೈವರ್ ಮ್ಯಾನೇಜರ್ ತೆರೆದು ಬೇಕಾದ ಡ್ರೈವರ್ ಹುಡುಕಬಹುದು. ಒಂದು ಹಾಡು ಹಾಕಿ, ಸ್ಪೀಕರಿನಲ್ಲೂ ಇಯರ್‌ಫೋನಿನಲ್ಲೂ ಕೇಳಿ. ಕ್ಯಾಮೆರಾದಲ್ಲಿ ಮುಖ ಕಾಣುತ್ತದೆಯೇ ನೋಡಿ. ಪ್ರಿಂಟರ್ ಜೋಡಿಸಿ ಒಂದು ಹಾಳೆ ತೆಗೆಯಿರಿ. ಮುಚ್ಚಳ ಮುಚ್ಚಿ, ಎರಡು ನಿಮಿಷ ಬಿಟ್ಟು ತೆರೆಯಿರಿ; ಎಚ್ಚರಗೊಳ್ಳದೆ ಕಪ್ಪು ಪರದೆಯಲ್ಲೇ ನಿಂತರೆ ಆ ಡಿಸ್ಟ್ರೋ ಆ ಯಂತ್ರಕ್ಕಲ್ಲ, ಬೇರೆಯದನ್ನು ಇದೇ ಪೆನ್‌ಡ್ರೈವಿಗೆ ಬರೆದು ನೋಡಿ. ಇಷ್ಟಕ್ಕೆ ಒಂದು ಸಂಜೆ ಸಾಕು. ಬೇರೆಯವರ ವಿಮರ್ಶೆ ನೂರು ಓದಿದರೂ ಈ ಒಂದು ಸಂಜೆಯಷ್ಟು ತಿಳಿಯುವುದಿಲ್ಲ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಪರೀಕ್ಷೆ ಮಾಡಬೇಕು. ಕನ್ನಡ ಓದಲು ಈಗ ಯಾವ ಡಿಸ್ಟ್ರೋದಲ್ಲೂ ಅಡ್ಡಿಯಿಲ್ಲ. ನೋಟೊ, ಲೋಹಿತ್ ಫಾಂಟುಗಳಿವೆ, ಗುಬ್ಬಿ, ನವಿಲು ಎಂಬ ಚೆಂದದ ಮುಕ್ತ ಫಾಂಟುಗಳು ಡೆಬಿಯನ್, ಉಬುಂಟು ಭಂಡಾರಗಳಲ್ಲೇ ಸಿಗುತ್ತವೆ. ಬರೆಯುವ ವಿಷಯದಲ್ಲಿ ಗೊಂದಲ ಏಳುತ್ತದೆ. ನುಡಿ ತಂತ್ರಾಂಶದ ಕೆ.ಪಿ. ರಾವ್ ವಿನ್ಯಾಸಕ್ಕೆ ಬೆರಳು ಪಳಗಿದವರು ಕೀಬೋರ್ಡ್ ಪಟ್ಟಿಯಲ್ಲಿ 'ಕಗಪ' ಎಂದಿರುವುದನ್ನು ಕಂಡು ಆರಿಸಿಕೊಳ್ಳುತ್ತಾರೆ. ವ್ಯಂಜನಗಳೆಲ್ಲ ಸರಿ ಬರುತ್ತವೆ, ಸ್ವರ ಬರೆಯಹೊರಟರೆ ಗುಣಿತದ ಚಿಹ್ನೆ ಮೂಡುತ್ತದೆ. ಆ ವಿನ್ಯಾಸದಲ್ಲಿ ಸ್ವತಂತ್ರ ಸ್ವರಕ್ಕೆ ಬಲಗಡೆಯ ಆಲ್ಟ್ ಕೀಲಿಯನ್ನೂ ಒತ್ತಬೇಕು. ನುಡಿಯಂತೆಯೇ ಸಂದರ್ಭ ನೋಡಿ ಸ್ವರವನ್ನೋ ಗುಣಿತವನ್ನೋ ಕೊಡುವುದು ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಜೊತೆಗಿನ ಎಂ17ಎನ್ ಕಟ್ಟಿನಲ್ಲಿರುವ ಕೆಜಿಪಿ ವಿಧಾನ. ಉಬುಂಟು ಮತ್ತು ಫೆಡೋರಾದ ಗ್ನೋಮ್‌ನಲ್ಲಿ ಐಬಸ್ ಮೊದಲಿಂದಲೇ ಇರುತ್ತದೆ, ಮಿಂಟ್‌ನಲ್ಲಿ ಬೇಕಾದ ಕಟ್ಟುಗಳನ್ನು ಸೇರಿಸಿಕೊಂಡು ಒಮ್ಮೆ ಲಾಗೌಟ್ ಆಗಿ ಬರಬೇಕು. ಹತ್ತು ನಿಮಿಷದ ಕೆಲಸವಿದು. ಇದು ಗೊತ್ತಿಲ್ಲದೆ 'ಲಿನಕ್ಸಲ್ಲಿ ಕನ್ನಡ ಬರಲ್ಲ' ಎಂದು ಬಿಟ್ಟವರನ್ನು ನೆನೆದರೆ ನಿಜಕ್ಕೂ ನೋವಾಗುತ್ತದೆ.

ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ ದಾಖಲೆಗಳು ಲಿನಕ್ಸಿನ ಲಿಬ್ರೆ ಆಫೀಸಿನಲ್ಲಿ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಅವನ್ನು ವಿಂಡೋಸ್ ಇರುವಾಗಲೇ ಯೂನಿಕೋಡಿಗೆ ಬದಲಿಸಿಕೊಳ್ಳುವುದು ಜಾಣತನ. ಲಿನಕ್ಸಿಗೆ ಬರದಿದ್ದರೂ ಈ ಕೆಲಸ ಎಂದಾದರೂ ಮಾಡಲೇಬೇಕಾದದ್ದು.

ಲಿನಕ್ಸ್ ಪ್ರೀತಿಯಲ್ಲಿ ಮುಚ್ಚಿಡಬಾರದ ಸಂಗತಿಗಳೂ ಇವೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿ, ಫೋಟೊಶಾಪ್, ಕೋರೆಲ್‌ಡ್ರಾ, ಪೇಜ್‌ಮೇಕರ್ ನಂಬಿದ ಡಿಟಿಪಿ ಕೇಂದ್ರ, ಇವು ಪೂರ್ತಿ ಬದಲಾಗುವುದು ಕಷ್ಟ. ವೈನ್ ಎಂಬ ಪದರದ ಮೇಲೆ ಕೆಲವು ವಿಂಡೋಸ್ ತಂತ್ರಾಂಶಗಳು ಓಡುತ್ತವೆ, ಆದರೆ ಹೊಟ್ಟೆಪಾಡಿನ ಕೆಲಸವನ್ನು ಹೊಸಬರು ಅದರ ಮೇಲೆ ನಿಲ್ಲಿಸಬಾರದು. ಅಂಥವರು ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳಬಹುದು. ಡಿಸ್ಕಿನಲ್ಲಿ ಜಾಗ ಬಿಡಿಸುವ ಮೊದಲು ಬಿಟ್‌ಲಾಕರ್ ಗೂಢಲಿಪಿ ಆನ್ ಇದೆಯೇ ನೋಡಿ, ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬ್ರೌಸರ್, ಇಮೇಲ್, ಪತ್ರ ಬರೆಯುವುದು, ಸಿನಿಮಾ ನೋಡುವುದು, ಮಕ್ಕಳ ಓದು ಇಷ್ಟೇ ಆದರೆ ಎರಡು ಇಟ್ಟುಕೊಳ್ಳುವ ಗೋಜು ಬೇಡ.

ಇನ್ನೊಂದು ಅಂಶವನ್ನು ಹೋಲಿಕೆಯ ಪಟ್ಟಿಗಳು ಎಂದೂ ಹೇಳುವುದಿಲ್ಲ: ಕೆಟ್ಟರೆ ಕೇಳಲು ಹತ್ತಿರದಲ್ಲಿ ಯಾರಿದ್ದಾರೆ? ಕೇರಳದ ಉದಾಹರಣೆ ನೋಡಿ. 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ ಮುಂದೆ ಸರ್ಕಾರಿ ಶಾಲೆಗಳನ್ನು ಸ್ವತಂತ್ರ ತಂತ್ರಾಂಶಕ್ಕೆ ಕರೆದೊಯ್ದಿತು. ಈಗ ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟುವನ್ನು ಶಾಲೆಗಳಿಗೆ ಹೊಂದುವಂತೆ ಮಾಡಿ, ತನ್ನದೇ ಹೆಸರಿನಲ್ಲಿ ಕೊಡುತ್ತದೆ. ಅಲ್ಲಿ ಲಿನಕ್ಸ್ ಬೇರೂರಿದ್ದಕ್ಕೆ ಆ ಡಿಸ್ಟ್ರೋದ ಗುಣವೊಂದೇ ಕಾರಣವಲ್ಲ. ಎಲ್ಲ ಶಾಲೆಗಳಲ್ಲೂ ಒಂದೇ ಇತ್ತು, ಶಿಕ್ಷಕರಿಗೆ ತರಬೇತಿ ಸಿಕ್ಕಿತು, ಒಬ್ಬರಿಗೆ ಗೊತ್ತಾಗದ್ದನ್ನು ಪಕ್ಕದ ಶಾಲೆಯವರು ಹೇಳಿಕೊಟ್ಟರು. ಕರ್ನಾಟಕದಲ್ಲಿ ಅಂಥ ಸರ್ಕಾರಿ ನಿರ್ಧಾರಕ್ಕೆ ಕಾಯಬೇಕಿಲ್ಲ. ಬೆಂಗಳೂರಿನಲ್ಲಿ ಎಫ್‌ಎಸ್‌ಎಂಕೆಯಂಥ ಸ್ವತಂತ್ರ ತಂತ್ರಾಂಶ ಬಳಗಗಳಿವೆ, ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಲಿನಕ್ಸ್ ಬಲ್ಲವರಿದ್ದಾರೆ. ನಿಮ್ಮ ಬೀದಿಯಲ್ಲಿ, ನಿಮ್ಮ ಮನೆತನದಲ್ಲಿ ಒಬ್ಬರು ಉಬುಂಟು ಬಳಸುತ್ತಿದ್ದರೆ, ಮೇಲೆ ನಾನು ಮಿಂಟ್ ಪರವಾಗಿ ಹೇಳಿದ್ದೆಲ್ಲ ಬದಿಗಿಟ್ಟು ಉಬುಂಟು ಹಾಕಿ. ರಾತ್ರಿ ಒಂಬತ್ತಕ್ಕೆ ಫೋನು ಎತ್ತಿ 'ಅಣ್ಣಾ, ಪ್ರಿಂಟ್ ಬರ್ತಿಲ್ಲ' ಎಂದರೆ ಪರಿಹಾರ ಹೇಳುವವರಿರುವ ಡಿಸ್ಟ್ರೋವೇ ನಿಮಗೆ ಸುಲಭವಾದದ್ದು.

ಹಾಕಿದ ದಿನವೇ ಮಾಡಬೇಕಾದ ಕೆಲಸ ಎರಡು. ಅಪ್‌ಡೇಟ್ ಮ್ಯಾನೇಜರ್ ತೆರೆದು ಬಾಕಿ ಇರುವುದನ್ನೆಲ್ಲ ಹಾಕಿಸಿ. ಆಮೇಲೆ ಟೈಮ್‌ಶಿಫ್ಟ್ ತೆರೆಯಿರಿ; ಮಿಂಟ್‌ನಲ್ಲಿ ಅದು ಜೊತೆಗೇ ಬರುತ್ತದೆ, ಉಬುಂಟುವಿನಲ್ಲಿ ಹಾಕಿಕೊಳ್ಳಬೇಕು. ದಿನಕ್ಕೊಂದರಂತೆ ಕೊನೆಯ ಐದು ಪ್ರತಿಗಳನ್ನು ಇಟ್ಟುಕೊಳ್ಳುವಂತೆ ಹೇಳಿದರೆ, ಯಾವುದೋ ಅಪ್‌ಡೇಟಿನಿಂದಲೋ ಕೈತಪ್ಪಿನಿಂದಲೋ ವ್ಯವಸ್ಥೆ ಹದಗೆಟ್ಟಾಗ ನಿನ್ನೆಯ ಸ್ಥಿತಿಗೆ ಮರಳಬಹುದು. ಡೆಸ್ಕ್‌ಟಾಪೇ ಬರದಿದ್ದರೂ ಮೊದಲಿನ ಪೆನ್‌ಡ್ರೈವಿನಿಂದ ಆನ್ ಮಾಡಿ ಅದೇ ಟೈಮ್‌ಶಿಫ್ಟಿನಿಂದ ಸರಿಪಡಿಸಬಹುದು. ಅದಕ್ಕೇ ಆ ಪೆನ್‌ಡ್ರೈವನ್ನು ಅಳಿಸದೆ ಇಟ್ಟುಕೊಳ್ಳಿ. ಟೈಮ್‌ಶಿಫ್ಟ್ ಕಾಪಾಡುವುದು ವ್ಯವಸ್ಥೆಯ ಕಡತಗಳನ್ನು ಮಾತ್ರ, ಮಕ್ಕಳ ಫೋಟೊಗಳು, ಬರೆದ ಪತ್ರಗಳು, ಮನೆಯ ಲೆಕ್ಕಪತ್ರಗಳು ಅದರಲ್ಲಿ ಸೇರಿರುವುದಿಲ್ಲ. ಅವುಗಳ ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ, ವಿಂಡೋಸ್ ಅಳಿಸುವ ಹಿಂದಿನ ದಿನವೇ ಹಾಕಿಡಬೇಕು.